ಗ್ಯಾರೇಜಿನ ಕರಿ ಆಯಿಲ್ ಯಾರ ಜವಾಬ್ದಾರಿ? ರೂಲ್ಸ್ ಬಂದಿರೋದು ಕಂಪನಿಗೆ, ಆದ್ರೆ ಮೆಕ್ಯಾನಿಕ್‌ಗಳೂ ತಿಳ್ಕೊಂಡಿರಬೇಕು

ಚಳ್ಳಕೆರೆ: ಶೇಂಗಾ ಎಣ್ಣೆ ಮಿಲ್ಲುಗಳಿಂದ ಹೆಸರು ಮಾಡಿದ ಊರು ನಮ್ಮದು. ಎಣ್ಣೆ ಅಂದ್ರೆ ಇಲ್ಲಿನವರಿಗೆ ಮೊದಲು ನೆನಪಾಗೋದು ಗಾಣ, ಮಿಲ್ಲು, ಹಿಂಡಿ. ಆದರೆ ಊರಿನಲ್ಲಿ ದಿನಾ ಬ್ಯಾರಲ್ ತುಂಬುತ್ತಿರುವ ಇನ್ನೊಂದು ಎಣ್ಣೆ ಇದೆ. ಅದರ ಬಗ್ಗೆ ಯಾರೂ ಮಾತಾಡಲ್ಲ. ಬೈಕ್, ಟ್ರ್ಯಾಕ್ಟರ್, ಲಾರಿ, ಜೆಸಿಬಿ ಸರ್ವಿಸ್ ಮಾಡಿದಾಗ ಕೆಳಗೆ ಬಸಿಯುವ ಕರಿ ಆಯಿಲ್ ಅದು.

ಈ ಆಯಿಲ್ ಎಲ್ಲಿಗೆ ಹೋಗುತ್ತೆ ಅಂತ ನೋಡುವ ಜವಾಬ್ದಾರಿಯನ್ನು ಕೇಂದ್ರ ಸರ್ಕಾರ ಈಗ ಆಯಿಲ್ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೆ ಹಾಕಿದೆ. ಅಪಾಯಕಾರಿ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳಿಗೆ 2023ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಬಂತು. 2024ರ ಏಪ್ರಿಲ್ 1ರಿಂದ ಜಾರಿ ಆಗಿದೆ. ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ ಅನ್ನೋದು ಇದರ ಉದ್ದ ಹೆಸರು, ಚಿಕ್ಕದಾಗಿ ಇಪಿಆರ್. ಮಾಲು ಮಾರಿದ ಮೇಲೆ ಕಂಪನಿ ಕೈ ತೊಳ್ಕೊಳ್ಳೋ ಹಾಗಿಲ್ಲ, ಬಳಸಿ ಉಳಿದದ್ದಕ್ಕೂ ಲೆಕ್ಕ ಕೊಡಬೇಕು ಅನ್ನೋದು ಅರ್ಥ. ಪ್ಲಾಸ್ಟಿಕ್, ಇ-ತ್ಯಾಜ್ಯ, ಟೈರ್, ಬ್ಯಾಟರಿಗೆ ಇದು ಮೊದಲೇ ಬಂದಿತ್ತು. ಈಗ ಆಯಿಲ್ ಸರದಿ.

ಎಷ್ಟು ಆಯಿಲ್ ಬರುತ್ತೆ?

ಬೈಕಿಗೆ ಒಂದು ಲೀಟರ್ ಹತ್ತಿರ, ಟ್ರ್ಯಾಕ್ಟರಿಗೆ ಏಳೆಂಟು ಲೀಟರ್, ಲಾರಿಗೆ ಹತ್ತು ಲೀಟರಿಂದ ಇಪ್ಪತ್ತರವರೆಗೆ ಹಿಡಿಯುತ್ತೆ. ದಿನಕ್ಕೆ ಎಂಟು ಬೈಕ್ ಸರ್ವಿಸ್ ಮಾಡುವ ಸಣ್ಣ ಗ್ಯಾರೇಜ್ ಅಂತ ಇಟ್ಕೊಳ್ಳಿ. ತಿಂಗಳಿಗೆ 25 ದಿನ ಕೆಲಸ ನಡೆದರೆ ಹತ್ತತ್ರ 200 ಲೀಟರ್, ಅಂದರೆ ಒಂದು ಬ್ಯಾರಲ್. ಬಳ್ಳಾರಿ ಕಡೆಯಿಂದ ಹಿರಿಯೂರಿಗೆ ಹೋಗುವ 150ಎ ಹೆದ್ದಾರಿ ಬದಿಯ ಲಾರಿ ಗ್ಯಾರೇಜುಗಳಿಗೆ ಒಂದು ಬ್ಯಾರಲ್ ತುಂಬೋಕೆ ತಿಂಗಳು ಬೇಕಾಗಲ್ಲ.

ಈ ಆಯಿಲ್‌ಗೆ ನಮ್ಮಲ್ಲಿ ಉಪಯೋಗ ಇಲ್ಲ ಅಂತಿಲ್ಲ. ಮೋಲ್ಡ್ ಹಾಕೋರು ಸೆಂಟ್ರಿಂಗ್ ಶೀಟಿಗೆ ಬಳಿಯೋಕೆ ಒಯ್ಯುತ್ತಾರೆ. ಬೇಲಿ ಗೂಟಕ್ಕೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಿರಲಿ ಅಂತ ಹಚ್ಚುತ್ತಾರೆ. ಅಂಗಡಿ ಮುಂದೆ ಧೂಳು ಏಳಬಾರದು ಅಂತ ನೆಲಕ್ಕೆ ಚೆಲ್ಲೋರೂ ಇದ್ದಾರೆ. ಭಟ್ಟಿಗಳಲ್ಲಿ ಉರಿಸೋಕೂ ಹೋಗುತ್ತೆ. ಕಜ್ಜಿ ಹತ್ತಿದ ಬೀದಿನಾಯಿಗೆ ಬಳಿದರೆ ವಾಸಿ ಆಗುತ್ತೆ ಅಂತ ನಂಬಿರೋರು ಇವತ್ತಿಗೂ ಕಮ್ಮಿ ಏನಿಲ್ಲ. ನಾಯಿ ಅದನ್ನ ನೆಕ್ಕುತ್ತೆ, ವಿಷ ಹೊಟ್ಟೆಗೆ ಹೋಗುತ್ತೆ, ಅಷ್ಟೇ.

ಬಳಸಿದ ಆಯಿಲ್ ಬರೀ ಕೊಳಕಾದ ಆಯಿಲ್ ಅಲ್ಲ. ಎಂಜಿನ್ ಒಳಗೆ ಬಿಸಿಯಾಗಿ, ಉರಿದ ಇಂಧನದ ಮಸಿ ಸೇರಿ, ತವೆದ ಲೋಹದ ಪುಡಿ ಕೂಡಿಕೊಂಡಿರುತ್ತೆ. ಸತು, ತಾಮ್ರ, ಸೀಸದಂಥ ಲೋಹಗಳು ಇರಬಹುದು. ಕ್ಯಾನ್ಸರ್‌ಗೆ ಕಾರಣ ಆಗಬಲ್ಲ ರಾಸಾಯನಿಕಗಳೂ ಇರುತ್ತವೆ. ದಿನವಿಡೀ ಬರಿಗೈಲಿ ಆಯಿಲ್ ಬಸಿಯುವ ಗ್ಯಾರೇಜ್ ಹುಡುಗರಿಗೆ ಅಪಾಯ ಎಲ್ಲರಿಗಿಂತ ಮೊದಲು. ಇನ್ನು ನೀರಿನ ವಿಷಯ. ಒಂದು ಸಲ ಕಾರಿನಿಂದ ಬಸಿದ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತೆ. ಬೋರ್‌ವೆಲ್ ನಂಬಿ ಬದುಕುವ ತಾಲ್ಲೂಕಿನಲ್ಲಿ ಈ ಲೆಕ್ಕ ಸುಮ್ಮನೆ ಓದಿ ಬಿಡುವಂಥದ್ದಲ್ಲ. ಚರಂಡಿಗೆ ಬಿಟ್ಟದ್ದು ಮಳೆಗಾಲದಲ್ಲಿ ಹಳ್ಳ ಸೇರುತ್ತೆ.

ಹಾಗಾದ್ರೆ ಕಂಪನಿ ಏನು ಮಾಡಬೇಕು?

ಕಂಪನಿ ತಾನು ಮಾರಿದ ಆಯಿಲ್‌ನಲ್ಲಿ ಇಂತಿಷ್ಟು ಪಾಲು ಮರುಬಳಕೆ ಆಯ್ತು ಅಂತ ಪ್ರತಿ ವರ್ಷ ತೋರಿಸಬೇಕು. 2024-25ಕ್ಕೆ ಈ ಗುರಿ ಶೇ 5, ಮರುವರ್ಷ ಶೇ 10. ಹೀಗೆ ಹಂತ ಹಂತವಾಗಿ ಶೇ 50ಕ್ಕೆ ಏರುತ್ತೆ. ಹಾಕಿದ ಆಯಿಲ್ ಅಷ್ಟೂ ವಾಪಸ್ ಸಿಗಲ್ಲ, ಎಂಜಿನ್‌ನಲ್ಲೇ ಒಂದಷ್ಟು ಉರಿದು ಹೋಗುತ್ತೆ. ಹಾಗಾಗಿ ಗುರಿ ನೂರಕ್ಕೆ ನೂರು ಇಟ್ಟಿಲ್ಲ.

ಆದರೆ ಕಂಪನಿಯವರು ಬಂದು ಚಳ್ಳಕೆರೆಯ ಗ್ಯಾರೇಜಲ್ಲಿ ಡಬ್ಬ ಹಿಡಿದು ನಿಲ್ಲಲ್ಲ. ನಡೆಯೋದು ಹೀಗೆ: ಗ್ಯಾರೇಜಿನಿಂದ ಸಂಗ್ರಹ ಏಜೆಂಟ್ ಆಯಿಲ್ ಒಯ್ಯುತ್ತಾನೆ, ಮರುಬಳಕೆ ಘಟಕಕ್ಕೆ ಕೊಡುತ್ತಾನೆ. ಘಟಕದವರು ಸಂಸ್ಕರಿಸಿದ ಪ್ರಮಾಣಕ್ಕೆ ತಕ್ಕ ಹಾಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಇಪಿಆರ್ ಸರ್ಟಿಫಿಕೇಟ್ ಹುಟ್ಟುತ್ತೆ. ಆ ಸರ್ಟಿಫಿಕೇಟನ್ನ ಕಂಪನಿ ದುಡ್ಡು ಕೊಟ್ಟು ಕೊಳ್ಳುತ್ತೆ, ತನ್ನ ಗುರಿ ಮುಟ್ಟಿತು ಅಂತ ತೋರಿಸುತ್ತೆ. ಕಂಪನಿ, ಏಜೆಂಟ್, ಮರುಬಳಕೆ ಘಟಕ, ಹಳೇ ಆಯಿಲ್ ಆಮದು ಮಾಡೋರು, ಈ ನಾಲ್ಕೂ ಮಂದಿ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಇಲ್ಲದವರ ಜೊತೆ ಇವರು ವ್ಯವಹಾರ ಮಾಡೋ ಹಾಗಿಲ್ಲ. ಗುರಿ ತಪ್ಪಿದರೆ ಪರಿಸರ ಪರಿಹಾರ ಅಂತ ದಂಡ ಬೀಳುತ್ತೆ.

ಗ್ಯಾರೇಜ್ ಇಟ್ಟೋರು ಈ ಪಟ್ಟಿಯಲ್ಲಿ ಬರಲ್ಲ. ಕಂಪನಿಯ ಡಬ್ಬಿ ತಂದು ಮಾರುವ ಸ್ಪೇರ್ ಪಾರ್ಟ್ಸ್ ಅಂಗಡಿಯವರೂ ಉತ್ಪಾದಕರಲ್ಲ. 'ಇಪಿಆರ್ ಮಾಡಿಸಿಕೊಡ್ತೀವಿ, ಇಲ್ಲಾಂದ್ರೆ ಅಂಗಡಿಗೆ ಬೀಗ' ಅಂತ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಹಾಗಂತ ಆಯಿಲ್ ಎಲ್ಲಿಗೆ ಬೇಕಾದರೂ ಸುರಿಯಬಹುದು ಅಂತಲ್ಲ. ಬಳಸಿದ ಆಯಿಲ್ 2016ರ ನಿಯಮದಲ್ಲೇ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ದೊಡ್ಡ ಸರ್ವಿಸ್ ಸ್ಟೇಷನ್‌ಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದಿರಬೇಕು.

ಹಳೇ ಆಯಿಲ್ ಹೊಸದಾಗುತ್ತಾ?

ಆಗುತ್ತೆ. ಆಯಿಲ್ ಸವೆಯಲ್ಲ, ಕೆಡುತ್ತೆ. ಮೊದಲು ನೀರಿನಂಶ, ಪೆಟ್ರೋಲ್ ಅಂಶ ಬಿಸಿ ಮಾಡಿ ತೆಗೀತಾರೆ. ಆಮೇಲೆ ಗಾಳಿ ಒತ್ತಡ ಕಡಿಮೆ ಮಾಡಿ ಭಟ್ಟಿ ಇಳಿಸ್ತಾರೆ. ಒತ್ತಡ ಕಮ್ಮಿ ಇದ್ದರೆ ಕಮ್ಮಿ ಶಾಖಕ್ಕೇ ಆಯಿಲ್ ಆವಿ ಆಗುತ್ತೆ, ಸುಟ್ಟು ಹಾಳಾಗಲ್ಲ. ಮಸಿ, ಲೋಹ ಎಲ್ಲಾ ತಳದಲ್ಲಿ ಉಳಿಯುತ್ತೆ. ಕೊನೆಗೆ ಬಣ್ಣ, ವಾಸನೆ ತೆಗೆದರೆ ಬೇಸ್ ಆಯಿಲ್ ರೆಡಿ. ಅದಕ್ಕೆ ಬೇಕಾದ ರಾಸಾಯನಿಕ ಸೇರಿಸಿದರೆ ಮತ್ತೆ ಎಂಜಿನ್ ಆಯಿಲ್. ಅಮೆರಿಕದ ಅದೇ ಸಂಸ್ಥೆಯ ಲೆಕ್ಕದಲ್ಲಿ, ಸುಮಾರು 3.8 ಲೀಟರ್ ಹಳೇ ಆಯಿಲ್‌ನಿಂದ ಹೆಚ್ಚುಕಮ್ಮಿ 2.4 ಲೀಟರ್ ಲೂಬ್ರಿಕೆಂಟ್ ಸಿಗುತ್ತೆ. ಅಷ್ಟನ್ನೇ ನೆಲದಿಂದ ತೆಗೆದ ಕಚ್ಚಾ ತೈಲದಿಂದ ಮಾಡೋಕೆ 159 ಲೀಟರ್ ಬೇಕು. ಕಚ್ಚಾ ತೈಲವನ್ನ ಬಹುಪಾಲು ಹೊರಗಿಂದ ತರಿಸುವ ದೇಶಕ್ಕೆ ಇದು ಲಾಭವೇ.

ಇದೇ ಕೆಲಸವನ್ನ ಕಳ್ಳದಾರಿಯಲ್ಲಿ ಮಾಡೋರೂ ಇದ್ದಾರೆ. ಆಯಿಲ್ ಸೋಸಿ, ಮಣ್ಣು ಹಾಕಿ ಬಣ್ಣ ತಿಳಿ ಮಾಡಿ, ಹೆಸರಾಂತ ಕಂಪನಿಯ ಖಾಲಿ ಡಬ್ಬಿಗೆ ತುಂಬಿ ಹೊಸದು ಅಂತ ಮಾರುವ ದಂಧೆ ಅದು. ಅಂಥದ್ದು ಬಿದ್ದ ಎಂಜಿನ್ ಜಾಸ್ತಿ ದಿನ ಬಾಳಲ್ಲ. ಖಾಲಿ ಡಬ್ಬಿ ಗುಜರಿಗೆ ಹಾಕೋ ಮುಂಚೆ ಒಂದು ತೂತು ಹೊಡೆಯೋದು ಸಣ್ಣ ಕೆಲಸ, ಯಾರೂ ಮಾಡಲ್ಲ.

ತಾಲ್ಲೂಕಿಗೆ ಬರುತ್ತಾ ಈ ವ್ಯವಸ್ಥೆ?

ಪ್ರಶ್ನೆ ಇರೋದು ಇಲ್ಲೇ. ಕಂಪನಿಗೆ ಬೇಕಾಗಿರೋದು ಸರ್ಟಿಫಿಕೇಟ್. ಅದು ಯಾವ ಊರಿನ ಆಯಿಲ್‌ನಿಂದ ಬಂತು ಅನ್ನೋದು ಮುಖ್ಯ ಅಲ್ಲ. ಬೆಂಗಳೂರಿನ ಫ್ಯಾಕ್ಟರಿಗಳಲ್ಲಿ, ದೊಡ್ಡ ಶೋರೂಮ್‌ಗಳಲ್ಲಿ ಒಂದೇ ಕಡೆ ಟ್ಯಾಂಕರ್ ತುಂಬುತ್ತೆ. ನಾಯಕನಹಟ್ಟಿ, ಪರಶುರಾಂಪುರದ ಗ್ಯಾರೇಜುಗಳಿಗೆ ಒಂದೊಂದು ಬ್ಯಾರಲ್‌ಗೋಸ್ಕರ ಗಾಡಿ ಬಂದರೆ ಡೀಸೆಲ್ ದುಡ್ಡೂ ಗಿಟ್ಟಲ್ಲ. ಗುರಿ ಶೇ 5, ಶೇ 10 ಇರೋವರೆಗೆ ಸಿಟಿ ಆಯಿಲ್‌ನಲ್ಲೇ ಲೆಕ್ಕ ಮುಗಿಸಬಹುದು. ಶೇ 50ರ ಹತ್ತಿರ ಹೋದಾಗ ಮಾತ್ರ ತಾಲ್ಲೂಕುಗಳ ಕಡೆ ಮುಖ ಮಾಡಬೇಕಾಗುತ್ತೆ. ಅಲ್ಲೀವರೆಗೆ ನಮ್ಮಲ್ಲಿ ಆಯಿಲ್ ಒಯ್ಯೋದು ಟಾಟಾ ಏಸ್‌ನಲ್ಲಿ ಬಂದು, ಲೀಟರಿಗೆ ಇಷ್ಟು ಅಂತ ಕೈಗೆ ದುಡ್ಡು ಕೊಟ್ಟು, ರಸೀದಿ ಕೊಡದೆ ಹೋಗೋರೇ. ಅವರು ಘಟಕಕ್ಕೆ ಕೊಡ್ತಾರೋ, ಭಟ್ಟಿಗೆ ಮಾರ್ತಾರೋ, ನಕಲಿ ಡಬ್ಬಿ ತುಂಬೋರಿಗೆ ಕೊಡ್ತಾರೋ ಕೇಳೋರಿಲ್ಲ.

ಸರ್ಟಿಫಿಕೇಟ್‌ನಲ್ಲೂ ಮೋಸ ನಡೆಯಲ್ಲ ಅನ್ನೋ ಹಾಗಿಲ್ಲ. ಪ್ಲಾಸ್ಟಿಕ್ ವಿಷಯದಲ್ಲಿ ಇದೇ ಥರದ ಪದ್ಧತಿ ಇದೆ. 2023ರಲ್ಲಿ ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದ ನಾಲ್ಕು ಮರುಬಳಕೆ ಕಂಪನಿಗಳು ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸೃಷ್ಟಿಸಿದ್ದನ್ನ ಕೇಂದ್ರ ಮಂಡಳಿಯೇ ಪತ್ತೆ ಹಚ್ಚಿತ್ತು. ಕಾಗದದ ಮೇಲೆ ಮರುಬಳಕೆ, ನಿಜದಲ್ಲಿ ಏನೂ ಇಲ್ಲ. ಆಯಿಲ್‌ನಲ್ಲಿ ಹಾಗಾಗದೆ ಇರಬೇಕಾದರೆ ಗ್ಯಾರೇಜಿನಿಂದ ಹೊರಟ ಪ್ರತಿ ಬ್ಯಾರಲ್‌ಗೂ ಒಂದು ಚೀಟಿ ಇರಬೇಕು.

ಹಾಗಾಗಿ ಒಯ್ಯೋಕೆ ಬಂದವರನ್ನ ನೋಂದಣಿ ಇದೆಯಾ ಅಂತ ಕೇಳಿ. ದಿನಾಂಕ, ಲೀಟರ್, ಗಾಡಿ ನಂಬರ್ ಬರೆದ ರಸೀದಿ ಇಸ್ಕೊಳ್ಳಿ. ನಾಳೆ ಎಲ್ಲೋ ಹಳ್ಳದಲ್ಲಿ ಆಯಿಲ್ ಸುರಿದದ್ದು ಸಿಕ್ಕಿಬಿದ್ದರೆ ನಿಮ್ಮ ಕೈಲಿ ಆಧಾರ ಇರುತ್ತೆ. ಅನುಮಾನ ಬಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲೆಯ ಕಚೇರಿಯಲ್ಲಿ ವಿಚಾರಿಸಬಹುದು. ಒಬ್ಬೊಬ್ಬರೇ ಒಂದು ಬ್ಯಾರಲ್ ಇಟ್ಕೊಂಡು ಕಾಯೋ ಬದಲು, ಒಂದು ರಸ್ತೆಯ ಹತ್ತು ಗ್ಯಾರೇಜಿನವರು ಸೇರಿ ಒಂದೇ ದಿನ ಕೊಡೋದಾದರೆ ನೋಂದಾಯಿತ ಏಜೆಂಟ್ ಗಾಡಿ ಕಳಿಸೋಕೂ ಮನಸ್ಸು ಮಾಡ್ತಾನೆ, ರೇಟೂ ಮಾತಾಡಬಹುದು.

ಇನ್ನೊಂದು ಮಾತು, ಆಯಿಲ್ ಬ್ಯಾರಲ್‌ಗೆ ಬೇರೆ ಏನನ್ನೂ ಸುರಿಯಬೇಡಿ. ಪಾರ್ಟ್ಸ್ ತೊಳೆದ ಪೆಟ್ರೋಲ್, ಥಿನ್ನರ್, ಕೂಲೆಂಟ್, ವಾಟರ್ ವಾಶ್ ನೀರು ಎಲ್ಲಾ ಒಂದೇ ಬ್ಯಾರಲ್‌ಗೆ ಹೋಗೋದು ಮಾಮೂಲಿ. ನಿಯಮದಲ್ಲಿ 'ಬಳಸಿದ ಎಣ್ಣೆ' ಬೇರೆ, 'ತ್ಯಾಜ್ಯ ಎಣ್ಣೆ' ಬೇರೆ. ಮೊದಲನೆಯದು ಸೀಸ 100 ಪಿಪಿಎಂ ಒಳಗಿರಬೇಕು ಅನ್ನುವಂಥ ಮಿತಿಗಳಿಗೆ ಒಳಪಟ್ಟು ಮತ್ತೆ ಆಯಿಲ್ ಆಗಬಲ್ಲದು. ಏನೇನೋ ಬೆರೆತ ಮಾಲಿಗೆ ಆ ದಾರಿ ಮುಚ್ಚಿಹೋಗುತ್ತೆ, ರೇಟೂ ಬೀಳುತ್ತೆ. ಬ್ಯಾರಲ್‌ಗೆ ಮುಚ್ಚಳ ಇರಲಿ, ಮಳೆ ನೀರು ಬೀಳದ ಕಡೆ, ಸಿಮೆಂಟ್ ನೆಲದ ಮೇಲೆ ಇಡಿ.

ಮಿರ್ಚಿ, ಬೋಂಡ ಕರಿದ ಎಣ್ಣೆಗೂ ಇದೇ ರೂಲ್ಸಾ ಅಂತ ಹೋಟೆಲಿನವರು ಕೇಳಬಹುದು. ಅಲ್ಲ. ಅದು ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕಕ್ಕೆ ಬರುತ್ತೆ. ಕರಿದೂ ಕರಿದೂ ಎಣ್ಣೆಯಲ್ಲಿ ಸೇರುವ ಪೋಲಾರ್ ಅಂಶ ಶೇ 25 ದಾಟಿದರೆ ಮತ್ತೆ ಬಳಸೋ ಹಾಗಿಲ್ಲ ಅಂತ 2018ರ ಜುಲೈನಿಂದಲೇ ನಿಯಮ ಇದೆ. ಆ ಎಣ್ಣೆ ಬಯೋಡೀಸೆಲ್‌ಗೆ ಹೋಗುತ್ತೆ. ಅದನ್ನ ಗ್ಯಾರೇಜಿನ ಬ್ಯಾರಲ್‌ಗೆ ಸೇರಿಸಿದರೆ ಎರಡೂ ಕೆಡುತ್ತೆ.