ನಿಮಗಿದು ಗೊತ್ತೆ? ‘ಓಂ’ ಚಿತ್ರದ ರೌಡಿಯೇ ಕುಮಾರರಾಮ!

‘ಓಂ’ (1995) ಚಿತ್ರದ ರೌಡಿ ಸತ್ಯನಾಗಿಯೂ ‘ಗಂಡುಗಲಿ ಕುಮಾರರಾಮ’ (2006) ಚಿತ್ರದ ನಾಯಕನಾಗಿಯೂ ನಟಿಸಿದವರು ಶಿವರಾಜ್‌ಕುಮಾರ್. ಕಾಕತಾಳೀಯವೇ ಇರಬಹುದು. ಆದರೆ ಅಪ್ಪ, ಮಗ, ಸೇಡು ಎಂಬ ಭೂಗತಲೋಕದ ಸರಕೆಲ್ಲ ‘ಗಾಡ್‌ಫಾದರ್’ನಿಂದ (1972) ಬಂತು ಎನ್ನುವವರು ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರು ಗುಡ್ಡಗಳತ್ತ ಒಮ್ಮೆ ನೋಡಬೇಕು. ಅಲ್ಲಿನ ಹೊಸಮಲೆದುರ್ಗ ಕಂಪಿಲಿಯ ರಾಜಕುಮಾರ ಕುಮಾರರಾಮನ ಕೋಟೆ. ನಂಜುಂಡ ಕವಿಯ ಕಾವ್ಯದಲ್ಲೂ ಜನರ ಬಾಯಲ್ಲೂ ಉಳಿದ ಕಥೆಯಂತೆ, ತನ್ನ ಆಸೆಗೆ ಒಪ್ಪದ ರಾಮನ ಮೇಲೆ ಮಲತಾಯಿ ರತ್ನಾಜಿ ಸುಳ್ಳು ಆರೋಪ ಹೊರಿಸುತ್ತಾಳೆ. ತಂದೆ ಕಂಪಿಲರಾಯ ವಿಚಾರಿಸದೆ ಮಗನ ತಲೆ ತೆಗೆಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ಮನೆಯೊಳಗಿನ ದ್ರೋಹ, ಸತ್ತನೆಂದುಕೊಂಡವನ ಮರುಪ್ರವೇಶ: ಗ್ಯಾಂಗ್‌ಸ್ಟರ್ ಚಿತ್ರಕ್ಕೆ ಇನ್ನೇನು ಬೇಕು?

ಸೇಡೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ದೆಹಲಿಯ ಸೈನ್ಯ ಮೇಲೆರಗಿದಾಗ ರಾಮ ಹೊರಬಂದು ಅದೇ ಅಪ್ಪನ ಪರವಾಗಿ ಕಾದುತ್ತಾನೆ. ಸೇಡಿಗೆ ಸಕಾರಣವಿದ್ದೂ ತೀರಿಸಿಕೊಳ್ಳದ ಮಗ ಅವನು. ಅಪ್ಪನನ್ನೇ ಕೆಡಹುವ ಮಗನೂ ನಮ್ಮಲ್ಲಿದ್ದಾನೆ. ಹಡಗಲಿ, ಹರಪನಹಳ್ಳಿ ಸೀಮೆಯ ಬಯಲಾಟ ಬಲ್ಲವರಿಗೆ ಬಬ್ರುವಾಹನನ ಕಾಳಗ ಹೊಸದಲ್ಲ. 1977ರ ‘ಬಬ್ರುವಾಹನ’ ಚಿತ್ರದಲ್ಲಿ ಅಪ್ಪ ಅರ್ಜುನ, ಮಗ ಬಬ್ರುವಾಹನ ಇಬ್ಬರೂ ರಾಜ್‌ಕುಮಾರ್ ಅವರೇ. ಹಾಗಾದರೆ ಸಿನಿಮಾ ಹೊಸದಾಗಿ ತಂದದ್ದೇನೂ ಇಲ್ಲವೆ? ಇದೆ. ಮಚ್ಚು, ಬೆಂಗಳೂರಿನ ಗಲ್ಲಿ, ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ ಧೈರ್ಯ, ಇವೆಲ್ಲ ‘ಓಂ’ ನಿರ್ದೇಶಕ ಉಪೇಂದ್ರ ಅವರವು. ಅರ್ಚಕನ ಮಗ ಸತ್ಯ ಮಚ್ಚು ಹಿಡಿದಾಗ ಅಪ್ಪನಿಗಾಗುವ ಸಂಕಟ ಮಾತ್ರ ಕಂಪಿಲಿಯಷ್ಟು ಹಳೆಯದು.