ಉರಿಗೇ ಚುಕ್ಕಾಣಿ

ದಸರೆಯ ವೈಮಾನಿಕ ಪ್ರದರ್ಶನ ನೋಡಲು ಮೈಸೂರಿನ ಬನ್ನಿಮಂಟಪದಲ್ಲಿ ಕತ್ತೆತ್ತಿ ನಿಂತವರಿಗೆ ವಾಯುಪಡೆಯ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳು ಹೊರಳಿದ ಬಗೆ ನೆನಪಿರುತ್ತದೆ. ಆ ಹೊರಳಾಟವೆಲ್ಲ ಗಾಳಿಯ ಕೃಪೆ. ರೆಕ್ಕೆ, ಬಾಲಗಳ ಪಟ್ಟಿಗಳು ಅತ್ತಿತ್ತ ಆಡುತ್ತವೆ, ರಭಸದ ಗಾಳಿ ಅವಕ್ಕೆ ಬಡಿದು ವಿಮಾನವನ್ನು ತಿರುಗಿಸುತ್ತದೆ. ಆದರೆ ಮೂತಿಯನ್ನು ಅತಿಯಾಗಿ ಎತ್ತಿದರೆ ಗಾಳಿ ರೆಕ್ಕೆಯ ಮೈಬಿಟ್ಟು ಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಪೈಲಟ್‌ಗಳು ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಆಗ ಪಟ್ಟಿಗಳನ್ನು ಎಷ್ಟು ಆಡಿಸಿದರೂ ವಿಮಾನ ಸರಿಯಾಗಿ ಮಾತು ಕೇಳುವುದಿಲ್ಲ.

ಗಾಳಿ ಕೈಕೊಟ್ಟಾಗಲೂ ಎಂಜಿನ್ ಉರಿಯುತ್ತಲೇ ಇರುತ್ತದಲ್ಲ, ಆ ಉರಿಯನ್ನೇ ತಿರುಗಿಸಿದರೆ? ಥ್ರಸ್ಟ್ ವೆಕ್ಟರಿಂಗ್ ಎಂದರೆ ಇಷ್ಟೇ. ಗಿಡಕ್ಕೆ ನೀರು ಬಿಡುವ ಪೈಪನ್ನು ಅಂಗಳದಲ್ಲಿ ಬಿಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿ ನೋಡಿ. ನೀರು ಎಡಕ್ಕೆ ಚಿಮ್ಮಿದರೆ ಪೈಪಿನ ತುದಿ ಬಲಕ್ಕೆ ಜಿಗಿಯುತ್ತದೆ. ಹಾಗೆಯೇ ಎಂಜಿನ್ನಿನ ಬಿಸಿ ಅನಿಲ ಮೇಲ್ಮುಖವಾಗಿ ಚಿಮ್ಮಿದರೆ ಬಾಲ ಕೆಳಕ್ಕೆ, ಮೂತಿ ಮೇಲಕ್ಕೆ.

ಉರಿಯ ನೂಕುಬಲಕ್ಕೂ ಮೈಸೂರಿಗೂ ಹಳೆಯ ನಂಟು. ಹೈದರ್, ಟಿಪ್ಪು ಕಾಲದ ಸೈನಿಕರು ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರನ್ನು ಕಟ್ಟಿ ಹಾರಿಸುತ್ತಿದ್ದರು. ಗಾಳಿಪಟಕ್ಕೆ ಬಾಲಂಗೋಚಿ ಇದ್ದಂತೆ ರಾಕೆಟ್ಟಿಗೆ ಆ ಬಿದಿರು. ಕಿಡಿ ತಾಗಿಸಿದ ಮೇಲೆ ಅದರ ದಾರಿ ಅದಕ್ಕೆ.

ದಾರಿಯನ್ನು ಕೈಯಲ್ಲೇ ಇಟ್ಟುಕೊಂಡು ಹಾರುವ ಪ್ರಯೋಗ ಅಮೆರಿಕ ಮತ್ತು ಜರ್ಮನಿ ಸೇರಿ ಕಟ್ಟಿದ ಎಕ್ಸ್-31. ಮೊದಲ ಹಾರಾಟ 1990ರ ಅಕ್ಟೋಬರ್ 11. ಅದರ ಎಂಜಿನ್ ಎಫ್404, ನಮ್ಮ ತೇಜಸ್ ವಿಮಾನದ್ದೂ ಅದೇ ಮನೆತನ. ಉರಿ ಹೊರಬೀಳುವಲ್ಲಿ ಇಂಗಾಲದ ಎಳೆಗಳಿಂದ ಮಾಡಿದ ಮೂರು ಹಲಗೆಗಳು, 1,500 ಡಿಗ್ರಿ ಸೆಲ್ಸಿಯಸ್ ಕಾವನ್ನೂ ತಡೆದುಕೊಳ್ಳುವಂಥವು. ಹಲಗೆ ಒಳಕ್ಕೆ ಬಾಗಿದರೆ ಉರಿ ಓರೆಯಾಗುತ್ತದೆ. 1993ರಲ್ಲಿ ಈ ವಿಮಾನ ಮೂತಿಯನ್ನು 70 ಡಿಗ್ರಿ ಮೀರಿ ಎತ್ತಿ, ಇದ್ದಲ್ಲೇ ಎಂಬಂತೆ ತಿರುಗಿ ಬಂದ ದಾರಿಗೇ ಮುಖ ಮಾಡಿತು.

ನಮ್ಮ ವಾಯುಪಡೆಯ ಸುಖೋಯ್-30ಎಂಕೆಐನಲ್ಲಿ ಹಲಗೆಗಳಿಲ್ಲ, ಉರಿ ಹೊರಬೀಳುವ ಎಂಜಿನ್ನಿನ ಬಾಯಿ, ಅಂದರೆ ನಾಜಲ್ಲೇ ಬಾಗುತ್ತದೆ. ಎರಡು ನಾಜಲ್‌ಗಳು ಬಾಗುವ ದಾರಿ ನೆಟ್ಟಗಿಲ್ಲ, ಓರೆ. ಅದಕ್ಕೇ ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಬಾಗಿದರೆ ವಿಮಾನ ಪಕ್ಕಕ್ಕೂ ಹೊರಳುತ್ತದೆ. ಯಲಹಂಕದ ಏರೋ ಇಂಡಿಯಾದಲ್ಲಿ ಜನ ಉಸಿರು ಬಿಗಿಹಿಡಿದು ನೋಡುವುದು ಇದನ್ನೇ.

ಆದರೆ ಕಾಳಗದಲ್ಲಿ ಹೀಗೆ ತಿರುಗುತ್ತ ವೇಗ ಕಳೆದುಕೊಂಡ ವಿಮಾನ ಮತ್ತೊಬ್ಬ ಶತ್ರುವಿಗೆ ಸುಲಭದ ಗುರಿ. ಈ ವಿದ್ಯೆಯ ನಿಜವಾದ ಬೆಲೆ ನನಗೆ ಕಾಣುವುದು ಬೇರೆ ಕಡೆ, ನೆಲಕ್ಕೆ ಇಳಿಯುವಲ್ಲಿ. ಎಕ್ಸ್-31 ಇದ್ದದ್ದು ಎರಡೇ. 1995ರಲ್ಲಿ ಒಂದು ನೆಲಕ್ಕೆ ಬಿತ್ತು. ವೇಗ ಅಳೆಯುವ ಕೊಳವೆಯಲ್ಲಿ ಹಿಮ ಕಟ್ಟಿ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗಿತ್ತು. ಪೈಲಟ್ ಹೊರಕ್ಕೆ ಜಿಗಿದು ಉಳಿದರು. ಉಳಿದ ಇನ್ನೊಂದು ವಿಮಾನ 2003ರಲ್ಲಿ ಮೂತಿಯನ್ನು 24 ಡಿಗ್ರಿ ಎತ್ತಿಕೊಂಡೇ ರನ್‌ವೇಗೆ ಇಳಿಯಿತು. ಮಾಮೂಲಿನದರ ಎರಡರಷ್ಟು ಕೋನ. ಇಳಿಯುವ ವೇಗ ಗಂಟೆಗೆ ಸುಮಾರು 325 ಕಿಲೋಮೀಟರಿನಿಂದ 225ಕ್ಕೆ ತಗ್ಗಿತು. ಬಾಲ ಇನ್ನೇನು ನೆಲಕ್ಕೆ ಉಜ್ಜಬೇಕು ಎನ್ನುವಷ್ಟರಲ್ಲಿ ಕಂಪ್ಯೂಟರ್ ಮೂತಿಯನ್ನು ಇಳಿಸಿ ಚಕ್ರಗಳನ್ನು ನೆಲಕ್ಕೆ ಊರಿಸಿತು.