ವೇಗವೂ ಸ್ಥೈರ್ಯವೂ

2003ನೆಯ ಇಸವಿಯ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ಚುನಾವಣೆ ನಡೆಯಿತು. ಬ್ರಸೆಲ್ಸ್ ಪ್ರದೇಶದ ಸ್ಕಾರ್‌ಬೇಕ್ ಎಂಬಲ್ಲಿ ಮತಗಳ ಎಣಿಕೆಗೆ ಗಣಕಯಂತ್ರಗಳನ್ನು ಬಳಸಲಾಗಿತ್ತು. ಅಲ್ಲಿ ಒಬ್ಬ ಅಭ್ಯರ್ಥಿಗೆ, ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಪುನಃ ಎಣಿಸಿ ನೋಡಿದಾಗ, ಹೆಚ್ಚಾಗಿ ಸೇರಿಕೊಂಡಿದ್ದವು ಸರಿಯಾಗಿ 4096 ಮತಗಳೆಂದು ತಿಳಿದುಬಂದಿತು. ಈ ಸಂಖ್ಯೆ ಎರಡರ ಹನ್ನೆರಡನೆಯ ಘಾತ. ಯಂತ್ರದ ನೆನಪಿನಲ್ಲಿದ್ದ ಒಂದೇ ಒಂದು ಸೊನ್ನೆ ತಾನಾಗಿಯೇ ಒಂದಾಗಿ ತಿರುಗಿರಬೇಕೆಂದು ತಜ್ಞರು ಅಭಿಪ್ರಾಯಪಟ್ಟರು. ಒಂದು ಅಂಕಿಯ ಬೆಲೆ ಎಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂತಹ ತಪ್ಪಿಗೆ ಕಾರಣಗಳು ಹಲವು. ಮನೆಯ ಗಣಕದಲ್ಲಿ ನಾವೇ ಅದಕ್ಕೆ ಎಡೆಮಾಡಿಕೊಡುವ ಸಂದರ್ಭವೂ ಒಂದುಂಟು. ನೆನಪಿನ ಭಾಗವನ್ನು ಅತಿವೇಗವಾಗಿ ನಡೆಸಲು ಹೊರಡುವುದೇ ಆ ಸಂದರ್ಭ. ಹಾಗಾದರೆ ವೇಗವನ್ನು ಬಯಸುವುದು ತಪ್ಪೆ? ತಪ್ಪಲ್ಲ. ಆದರೆ ಆ ವೇಗವನ್ನು ಪರೀಕ್ಷಿಸದೆ ನಂಬುವುದು ತಪ್ಪು.

ಗಣಕದಲ್ಲಿ ಲೆಕ್ಕ ಮಾಡುವ ಭಾಗ ಪ್ರೊಸೆಸರ್. ಅದಕ್ಕೆ ಬೇಕಾದ ಸಂಖ್ಯೆಗಳನ್ನೂ ಆದೇಶಗಳನ್ನೂ ಕೈಗೆಟಕುವಂತೆ ಇರಿಸಿಕೊಂಡಿರುವ ಭಾಗ ರ್ಯಾಮ್. ಇಂದಿನ ರ್ಯಾಮಿನ ಮೂಲ ಕಲ್ಪನೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1966ರಲ್ಲಿ ಹೊಳೆಯಿತು. ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಧಾರಕ, ಇವೆರಡರಿಂದ ಒಂದು ಬಿಟ್ಟನ್ನು ನೆನಪಿಡಬಹುದೆಂದು ಅವರು ಕಂಡುಕೊಂಡರು. ಧಾರಕದಲ್ಲಿ ವಿದ್ಯುದಾವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು ತಿಳಿದರಾಯಿತು. ಆದರೆ ಈ ಧಾರಕ ಸೋರುವ ಕೊಡದಂತೆ. ಅದು ಬರಿದಾಗುವ ಮೊದಲೇ ಓದಿ ಮತ್ತೆ ತುಂಬಬೇಕು. ಡಿಡಿಆರ್4 ಎಂಬ ಬಗೆಯ ರ್ಯಾಮಿನಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ ಎಲ್ಲ ಕೋಶಗಳನ್ನೂ ಹೀಗೆ ತುಂಬಲಾಗುತ್ತದೆ. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ.

2020ರಲ್ಲಿ ಡಿಡಿಆರ್5 ಎಂಬ ಹೊಸ ಬಗೆಯ ಮಾನಕ ಪ್ರಕಟವಾಯಿತು. 6000 ಎಂದು ಗುರುತಿರುವ ಈ ಬಗೆಯ ರ್ಯಾಮಿನಲ್ಲಿ, ಪ್ರತಿಯೊಂದು ದತ್ತಾಂಶದ ತಂತಿಯೂ ಸೆಕೆಂಡಿಗೆ 600 ಕೋಟಿ ಬಿಟ್ಟುಗಳನ್ನು ಸಾಗಿಸುತ್ತದೆ. ಒಂದು ಬಿಟ್ಟಿಗೆ ದೊರೆಯುವ ಕಾಲದಲ್ಲಿ ಬೆಳಕು ಕೂಡ ಸುಮಾರು 5 ಸೆಂಟಿಮೀಟರ್ ದೂರವನ್ನಷ್ಟೇ ಕ್ರಮಿಸಬಲ್ಲದು. ಅಷ್ಟರಲ್ಲಿ ಸಂಕೇತ ಬಂದು, ನೆಲೆನಿಂತು, ಓದಲ್ಪಡಬೇಕು. ವೇಗ ಹೆಚ್ಚಿದಂತೆಲ್ಲ ಈ ಅವಕಾಶ ಕಿರಿದಾಗುತ್ತದೆ. ಪಕ್ಕದ ತಂತಿಯ ಸಂಕೇತ ಸ್ವಲ್ಪ ಕದಡಿದರೂ ಸೊನ್ನೆ ಒಂದಾಗಿ ಕಾಣಬಹುದು. ಎರಡು ರ್ಯಾಮ್ ಪಟ್ಟಿಗಳಿರುವಲ್ಲಿ ನಾಲ್ಕನ್ನು ಕೂಡಿಸಿದರೆ ಹೊರೆ ಹೆಚ್ಚುವುದರಿಂದ, ಮೊದಲಿನ ವೇಗ ದೊರೆಯದೆ ಹೋಗುವುದೂ ಉಂಟು.

ಆದುದರಿಂದ ಹೊಸ ರ್ಯಾಮನ್ನು ಅಳವಡಿಸಿದೊಡನೆ ಯಂತ್ರವು ಸಾಮಾನ್ಯವಾಗಿ 4800ರಂತಹ ಸುರಕ್ಷಿತ ವೇಗದಲ್ಲಿಯೇ ನಡೆಯುತ್ತದೆ. ಹೆಚ್ಚಿನ ವೇಗ ಬೇಕಿದ್ದರೆ, ತಯಾರಕರು ಪಟ್ಟಿಯಲ್ಲಿಯೇ ಬರೆದಿಟ್ಟಿರುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ನಿಯಮಾವಳಿಯನ್ನು ಬಯೋಸ್‌ನಲ್ಲಿ ಆರಿಸಬೇಕು. ಅನಂತರ ಮೊದಲ ಸಲ ಗಣಕವನ್ನು ಹಾಕಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಆಗ ಯಂತ್ರವು ಪ್ರತಿಯೊಂದು ತಂತಿಯಲ್ಲಿಯೂ ಸಂಕೇತವನ್ನು ಓದಲು ತಕ್ಕ ಕ್ಷಣವನ್ನು ಹುಡುಕುತ್ತಿರುತ್ತದೆ. ತಾಳ್ಮೆಗೆಟ್ಟು ಆರಿಸಬಾರದು.

ಪರದೆ ಬೆಳಗಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೆಮ್‌ಟೆಸ್ಟ್86ನಂತಹ ಪರೀಕ್ಷಾ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಆರಂಭಿಸಿ, ರಾತ್ರಿಯೆಲ್ಲ ನಡೆಯಲು ಬಿಡಬೇಕು. ಅದು ಕೋಶ ಕೋಶಕ್ಕೂ ಸಂಖ್ಯೆಗಳನ್ನು ಬರೆದು, ಮರಳಿ ಓದಿ, ಹೋಲಿಸಿ ನೋಡುತ್ತದೆ. ಒಂದೇ ಒಂದು ತಪ್ಪು ಕಂಡರೂ ಆ ವೇಗವನ್ನು ನಂಬುವಂತಿಲ್ಲ. 6000ದಿಂದ 5600ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಬೇಕು. ಎರಡನ್ನು ಒಟ್ಟಿಗೆ ಮಾಡಿದರೆ ಗುಣ ಯಾವುದರಿಂದ, ದೋಷ ಯಾವುದರಿಂದ ಎಂಬುದು ತಿಳಿಯದು. ವೋಲ್ಟೇಜನ್ನು ಏರಿಸಿದರೆ ಎಲ್ಲವೂ ಸರಿಹೋಗುವುದೆಂಬ ಭಾವನೆಯೂ ಸರಿಯಲ್ಲ. ಡಿಡಿಆರ್5ರ ಮಾನಕ 1.1 ವೋಲ್ಟ್, ವೇಗದ ಪಟ್ಟಿಗಳು ಹಲವು ವೇಳೆ 1.35 ವೋಲ್ಟನ್ನು ಬಳಸುತ್ತವೆ. ಅದನ್ನೂ ಮೀರಿ ಏರಿಸುತ್ತ ಹೋದರೆ ಬಿಸಿ ಹೆಚ್ಚುತ್ತದೆ; ಬಿಸಿ ಹೆಚ್ಚಿದರೆ ಸೋರಿಕೆ ಹೆಚ್ಚುವುದನ್ನು ಆಗಲೇ ನೋಡಿದೆವು.

ಡಿಡಿಆರ್5 ಚಿಪ್ಪುಗಳು ತಮ್ಮೊಳಗಾದ ಒಂದು ಬಿಟ್ಟಿನ ತಪ್ಪನ್ನು ತಾವೇ ತಿದ್ದಿಕೊಳ್ಳಬಲ್ಲವು, ನಿಜ. ಆದರೆ ತಂತಿಯಲ್ಲಿ ಸಾಗುವಾಗ ಆದ ತಪ್ಪನ್ನು ಈ ಏರ್ಪಾಡು ತಿದ್ದಲಾರದು.

ತಪ್ಪಾದೊಡನೆ ಗಣಕ ನಿಂತುಹೋದರೆ ಅದು ನಮ್ಮ ಪುಣ್ಯವೆನ್ನಬೇಕು, ದೋಷವಿದೆಯೆಂದು ತಿಳಿಯಿತಲ್ಲ! ನಿಲ್ಲದೆ ನಡೆಯುವ ಯಂತ್ರವೇ ಹೆಚ್ಚು ಅಪಾಯಕಾರಿ. ಮನೆಯ ಜಮಾಖರ್ಚಿನಲ್ಲಿ ಒಂದು ಅಂಕಿ ಬದಲಾಗಬಹುದು. ಅಜ್ಜಿಯ ಏಕೈಕ ಭಾವಚಿತ್ರ ಅರ್ಧಕ್ಕೆ ಕೆಡಬಹುದು. ತಪ್ಪಾದುದು ಹಾಗೆಯೇ ಡಿಸ್ಕಿನಲ್ಲಿ ಉಳಿದು, ಅದರ ಪ್ರತಿಗಳಿಗೂ ಇಳಿಯುತ್ತದೆ. ತಿಂಗಳುಗಳ ಮೇಲೆ ತೆರೆದು ನೋಡಿದಾಗ ಮೂಲವೇ ಇರುವುದಿಲ್ಲ.

ರಾತ್ರಿಯಿಡೀ ಪರೀಕ್ಷಿಸಿದರೂ ಒಂದು ತಪ್ಪನ್ನೂ ತೋರದ 5600, ಒಂದು ತಪ್ಪನ್ನು ತೋರುವ 6000ಕ್ಕಿಂತ ಮೇಲು. ನಾವು ಕೊಟ್ಟುದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸುವುದು ನೆನಪಿನ ಮೊದಲ ಧರ್ಮ; ಬೇಗ ಹಿಂದಿರುಗಿಸುವುದು ಎರಡನೆಯದು.